ಗುಂಡಿ ಬೀಳದ ಗಂಡಸು

ನಮ್ಮೂರಿನ ಗಂಡಸಿನ ಅಂಗಿಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣದ ಗುಂಡಿಗಳಿದ್ದರೆ ಆ ಅಂಗಿ ಇವತ್ತು ಬೆಳಿಗ್ಗೆ ತಾನೇ ಡಬ್ಬಿಯಿಂದ ಹೊರಗೆ ಬಂದಿದೆ ಎಂದು ತಿಳಿಯಬೇಕು. ಸಂಜೆಯೊಳಗೆ ಅದೂ ಎಲ್ಲರ ಅಂಗಿಯ ಹಾಗಾಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಒಬ್ಬಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಡುತ್ತಿರುವ ಬಸ್ಸಿಗೆ ಓಡಿ ಹತ್ತುತ್ತಾಳೆ. ಇಲ್ಲಿ ಟಕ್ ಎಂದು ಒಬ್ಬನ ಎದೆಯಿಂದ ಗುಂಡಿ ಕಿತ್ತು ನೆಲಕ್ಕೆ ಬೀಳುತ್ತದೆ. ಗುಂಡಿ ಕಳೆದುಕೊಂಡವನು ಆಕಾಶ ನೋಡುತ್ತಾನೆ. ಪಕ್ಕದವನು ಅವನ ಎದೆ ನೋಡಿ, "ಯಾವ ಬಸ್ಸಪ್ಪಾ ಅದು? ನಾಳೆ ನಾನೂ ಅದ್ರಲ್ಲೇ ಹೋಗ್ತೀನಿ" ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಗಂಡಸಿನ ಗುಂಡಿ ಬಿದ್ದರೆ ನಮ್ಮೂರಲ್ಲಿ ಅದು ಒಂದು ನಗು, ಒಂದು ಹೊಲಿಗೆ, ಅಷ್ಟೇ.

ಚೌಕದ ಪೊಲೀಸಿನವರ ಹಿತ್ತಾಳೆ ಗುಂಡಿ ರಸ್ತೆಯ ಮೇಲೆ ಟಿಣ್ ಟಿಣ್ ಎಂದು ಉರುಳಿಕೊಂಡು ಹೋದರೆ ಗಾಡಿಗಳು ನಿಂತು ದಾರಿ ಬಿಡುತ್ತವೆ. ದೇವಸ್ಥಾನದ ಪೂಜಾರರು ಅಂಗಿಯನ್ನೇ ಹಾಕುವುದಿಲ್ಲ, ಬುದ್ಧಿವಂತರು. ಟೀ ಶರ್ಟ್ ಹಾಕಿದವನಿಗೆ ಯಾರೂ ಬಾಡಿಗೆಗೆ ಮನೆ ಕೊಡುವುದಿಲ್ಲ, ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು. ಒಬ್ಬ ಗಂಡಸನ್ನು ನೋಡಿ ಇನ್ನೊಬ್ಬ ಗಂಡಸಿನ ಗುಂಡಿ ಬೀಳುವುದೂ ಉಂಟು. ಆಗ ಇಬ್ಬರೂ ಬಿದ್ದ ಗುಂಡಿ ಹುಡುಕುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಕೊಂಡೇ ಇರುತ್ತಾರೆ, ನಾವೂ ಹುಡುಕಿಕೊಳ್ಳಲಿ ಬಿಡು ಎಂದು ಮುಂದೆ ಹೋಗುತ್ತೇವೆ.

ನನ್ನ ಸೋದರತ್ತೆ ಮಂಗಳತ್ತೆಯದು ಗುಂಡಿ ಅಂಗಡಿ. ನಾನು ಬಿಂದು, ಎಂ.ಕಾಂ. ಕೊನೆಯ ವರ್ಷ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಸೂಜಿ ದಾರ ಹಿಡಿದು ಊರಿನ ಗಂಡಸರ ಎದೆ ಮುಚ್ಚುವ ಕೆಲಸ. ಇಂಥ ಕಡೆಗೆ ಮದುವೆಯಾಗದ ಹುಡುಗಿಯನ್ನು ಯಾರಾದರೂ ಕೂರಿಸುತ್ತಾರಾ ಎಂದು ಕೇಳಬಹುದು. ಅದಕ್ಕೆ ಕಾರಣ ನನ್ನ ಜಡೆ.

ಹೆಂಗಸರದು ಗುಂಡಿಯ ಬಾಬತ್ತಲ್ಲ, ಜಡೆಯ ಬಾಬತ್ತು. ಮೊದಲು ಕತ್ತಿನ ಹಿಂದೆ, ಜಡೆ ಹುಟ್ಟುವ ಜಾಗದಲ್ಲಿ, ಇರುವೆ ನಡೆದ ಹಾಗಾಗುತ್ತದಂತೆ. ಆಮೇಲೆ ತುದಿಯ ರಬ್ಬರ್‌ಬ್ಯಾಂಡು ತಾನಾಗಿ ಜಾರುತ್ತದೆ. ಆಮೇಲೆ ಹೆಣೆದ ಕಾಲುಗಳು ಒಂದೊಂದಾಗಿ ಸಡಿಲವಾಗಿ, ಕೂದಲು ಬೆನ್ನ ತುಂಬ ಹರಡಿ ನಿಲ್ಲುತ್ತದೆ. ಗಂಡಸಿನ ಗುಂಡಿ ಬೀದಿಯಲ್ಲಿ ಬಿದ್ದರೆ ಬೀದಿಯಲ್ಲೇ ಮರೆಯುತ್ತಾರೆ. ಹೆಣ್ಣಿನ ಜಡೆ ಬೀದಿಯಲ್ಲಿ ಬಿಚ್ಚಿದರೆ ಅದು ಅವಳಿಗಿಂತ ಮೊದಲು ಮನೆ ತಲುಪಿರುತ್ತದೆ. ಎಣ್ಣೆಸ್ನಾನ ಮಾಡಿ ಮಾಳಿಗೆಯ ಮೇಲೆ ಕೂದಲು ಒಣಗಿಸುವಾಗಲೂ ಪಕ್ಕದಲ್ಲಿ ಸೀಗೆಪುಡಿಯ ಬಟ್ಟಲು ಎದ್ದು ಕಾಣುವ ಹಾಗೆ ಇಟ್ಟುಕೊಳ್ಳಬೇಕು. ಇದು ಸ್ನಾನದ್ದು, ಬೇರೆಯದಲ್ಲ ಎನ್ನುವುದಕ್ಕೆ ಸಾಕ್ಷಿ.

ಅದಕ್ಕೇ ನಮ್ಮಲ್ಲಿ ಪ್ರತಿ ಹುಡುಗಿಗೂ ಒಬ್ಬಳು ಜಡೆಗೆಳತಿ ಇರುತ್ತಾಳೆ. ಹಿಂದೆಯೇ ನಡೆಯುವುದು, ಇರುವೆ ನಡೆಯಿತು ಎಂದು ಸನ್ನೆ ಸಿಕ್ಕ ತಕ್ಷಣ ಜಡೆಯ ತುದಿಯನ್ನು ಗಪ್ಪನೆ ಹಿಡಿಯುವುದು ಅವಳ ಕೆಲಸ. ಎರಡು ಜಡೆ ಒಂದು ಕಡೆ ಬಾಳುವುದಿಲ್ಲ ಎನ್ನುವ ಗಾದೆ ಬೇರೆ ಊರಿನವರದು. ನಮ್ಮೂರಲ್ಲಿ ಒಂದು ಜಡೆ ಉಳಿಯಬೇಕಾದರೆ ಇನ್ನೊಂದು ಜಡೆ ಹಿಂದೆ ಇರಲೇಬೇಕು.

ನನ್ನ ಜಡೆಗೆಳತಿ ಸುಕನ್ಯ, ಅಂದರೆ ಸುಕ್ಕಿ. ಹೆಸರಿಗೆ ಅವಳು ನನ್ನದನ್ನು ಹಿಡಿಯುವವಳು. ನಿಜವಾಗಿ ಜೀವಮಾನವಿಡೀ ಅವಳದನ್ನು ಹಿಡಿದದ್ದು ನಾನು. ಕಂಡಕ್ಟರ್ ಸೀಟಿ ಊದಿದರೆ ಅವಳದು ಬಿಚ್ಚುತ್ತದೆ. ಗ್ಯಾಸ್ ಸಿಲಿಂಡರನ್ನು ಭುಜದ ಮೇಲೆ ಹೊತ್ತವನು ಮೆಟ್ಟಿಲು ಹತ್ತಿದರೆ ಬಿಚ್ಚುತ್ತದೆ. "ಹೆಣ್ಮಕ್ಕಳದು ನಿಧಾನ, ಗಂಡಸ್ರದು ಅವಸರ" ಎಂದು ನಮ್ಮ ಪ್ರಿನ್ಸಿಪಾಲರು ಭಾಷಣ ಮಾಡುತ್ತಿದ್ದಾಗ ಅವರ ಪಕ್ಕದಲ್ಲಿ ಮೈಕು ಸರಿಮಾಡುತ್ತಿದ್ದವನನ್ನು ನೋಡಿ ಸುಕ್ಕಿಯ ಜಡೆ ಎರಡು ಸಲ ಹೋಗಿತ್ತು. ನನ್ನದು ಮಾತ್ರ ಒಂದು ಸಲವೂ ಇಲ್ಲ. ಕಾಲೇಜಿನಲ್ಲಿ ನನಗೆ ಕಬ್ಬಿಣದ ಜಡೆ ಎಂದೇ ಹೆಸರು.

"ಅದಕ್ಕೇ ಕಣೇ ನಿನ್ನ ಕೂರಿಸಿರೋದು" ಎಂದು ಮಂಗಳತ್ತೆ ಮೊದಲ ದಿನವೇ ಹೇಳಿದ್ದರು. "ಗಂಡಸರು ಎದೆ ತೆರ್ಕೊಂಡು ಬರ್ತಾರೆ. ಇಲ್ಲಿ ಯಾರೂ ಅವರನ್ನ ಅಳೆಯಲ್ಲ ಅನ್ನೋ ನಂಬಿಕೆ ಮೇಲೆ ಅವರ ಹೆಂಡ್ತೀರು ಕಳಿಸ್ತಾರೆ. ನಿನ್ನ ಜಡೆ ಬಿಚ್ಚಿದ ದಿನ ನೀನು ಮನೆಗೆ, ಅಂಗಡಿ ಬೀಗಕ್ಕೆ. ತಿಳೀತಾ?"

ತಿಳಿದಿತ್ತು. ಸುಕ್ಕಿ ನನ್ನ ಹಿಂದೆ ಸ್ಟೂಲಿನ ಮೇಲೆ ಕೂತು, ಒಂದು ಕೈಯಲ್ಲಿ ಕಡ್ಲೇಕಾಯಿ ಪೊಟ್ಟಣ, ಇನ್ನೊಂದು ಕೈಯಲ್ಲಿ ಕರುವಿನ ಹಗ್ಗ ಹಿಡಿದ ಹಾಗೆ ನನ್ನ ಜಡೆ ಹಿಡಿದುಕೊಂಡು, ಬೀದಿಯಲ್ಲಿ ಹೋಗುವವರನ್ನೆಲ್ಲ ನೋಡುತ್ತಿದ್ದಳು.

ಅಂಗಡಿಯಲ್ಲಿ ಅಂಗಿ ಬಿಚ್ಚಿಸುವುದಿಲ್ಲ, ಮೈಮೇಲಿದ್ದ ಹಾಗೆಯೇ ಗುಂಡಿ ಹಚ್ಚುತ್ತೇವೆ. ಮೈಮೇಲಿನ ಬಟ್ಟೆಗೆ ಸೂಜಿ ಹಾಕುವಾಗ ಬಾಯಲ್ಲಿ ಕಡ್ಡಿ ಕಚ್ಚಿರಬೇಕು, ಇಲ್ಲದಿದ್ದರೆ ಬುದ್ಧಿಯನ್ನೂ ಸೇರಿಸಿ ಹೊಲಿದ ಹಾಗೆ ಎಂದು ಹಿರಿಯರ ಮಾತು. ಆದ್ದರಿಂದ ಬಂದವರೆಲ್ಲ ಪೊರಕೆಕಡ್ಡಿಯ ತುಂಡು ಹಲ್ಲಲ್ಲಿಟ್ಟುಕೊಂಡು ಮೂಗರ ಹಾಗೆ ಕೂರುತ್ತಾರೆ. ಗಂಡಸರು ಬಾಯಿ ಮುಚ್ಚಿದಾಗ ಎಷ್ಟು ಒಳ್ಳೆಯವರಾಗಿ ಕಾಣುತ್ತಾರೆಂದು ನನಗೆ ಗೊತ್ತಾದದ್ದು ಅಲ್ಲಿಯೇ.

ನಿವೃತ್ತ ಪೋಸ್ಟ್ ಮಾಸ್ಟರ್ ಮರಿಯಪ್ಪನವರು ನಮ್ಮ ಖಾಯಂ ಗಿರಾಕಿ. ಅವರು ಮುಂದೆ, ಅವರ ಹೆಂಡತಿ ಕೆಂಪಮ್ಮನವರು ಛತ್ರಿ ಹಿಡಿದು ಹಿಂದೆ.

"ಇವತ್ತು ಯಾರು ಸಾರ್?" ಎಂದು ನಾನು ಕೇಳುವುದು.

"ಯಾರೂ ಇಲ್ಲಮ್ಮ, ದಾರ ಹಳೇದು" ಎಂದು ಅವರು ಹೇಳುವುದು.

"ದಾರ ಹಳೇದಲ್ಲ, ಮನುಷ್ಯ ಹಳೇದು" ಎಂದು ಕೆಂಪಮ್ಮ. "ಮೊದಲೆಲ್ಲ ನಾನೇ ಹೊಲೀತಿದ್ದೆ ಕಣವ್ವಾ. ಎದೆಗೆ ಚುಚ್ಚಲಿ ಅಂತ ಗಂಟನ್ನ ಒಳಗಡೆ ಹಾಕ್ತಿದ್ದೆ. ಮಾರಾಯ್ರು ಅದನ್ನೂ ಅಭ್ಯಾಸ ಮಾಡ್ಕೊಂಡ್ರು."

ಒಂದು ದಿನ ಮರಿಯಪ್ಪನವರ ಬಾಯಿಗೆ ಕಡ್ಡಿ ಕೊಟ್ಟ ಮೇಲೆ ನಾನು ಮೆಲ್ಲಗೆ ಕೇಳಿದೆ. "ಅಜ್ಜೀ, ನಿಮ್ಮ ಜಡೆ ಯಾವಾಗಾದ್ರೂ ಬಿಚ್ಚಿತ್ತಾ?"

ಕೆಂಪಮ್ಮ ಬೀದಿಯ ಕಡೆ ನೋಡಿದರು. "ಮದುವೆಯಾದ ಹೊಸದ್ರಲ್ಲಿ ಇವರು ಹಲಸಿನ ಹಣ್ಣು ಬಿಡಿಸ್ತಿದ್ರು. ಮೊಣಕೈವರೆಗೆ ಎಣ್ಣೆ ಬಳ್ಕೊಂಡು. ಒಂದೊಂದೇ ತೊಳೆ ಹಿಂಗೆ ಎಳೆದು ತೆಗೆಯೋರು, ಹರೀದ ಹಾಗೆ. ಆಗ ಬಿಚ್ಚಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಮುಖ ನೋಡಿ ಯಾರದಮ್ಮಾ ಬಿಚ್ಚುತ್ತೆ? ಮುಖದಲ್ಲೇನಿದೆ, ಎರಡು ಕಣ್ಣು, ಒಂದು ಮೂಗು" ಅಂದರು.

ಮರಿಯಪ್ಪನವರಿಗೆ ಈ ಹಲಸಿನ ಹಣ್ಣಿನ ವಿಷಯ ಗೊತ್ತೇ ಇರಲಿಲ್ಲವೆಂದು ಕಾಣುತ್ತದೆ. ಕಡ್ಡಿ ಕಚ್ಚಿದ ಬಾಯಲ್ಲೇ "ಊಂ? ಊಂ?" ಎಂದು ಹೆಂಡತಿಯ ಕಡೆ ತಿರುಗಿದರು. ನಾನು ಆಗಷ್ಟೇ ಹಚ್ಚಿದ ಗುಂಡಿ ಟಕ್ ಎಂದು ಹಾರಿ ನನ್ನ ಹಣೆಗೆ ಬಡಿಯಿತು. ಅವತ್ತು ಅವರಿಗೆ ಎರಡನೆಯ ಸಲ ಹೊಲಿದು ಕಳಿಸಿದೆ.

ನಿರಂಜನ ಬಂದದ್ದು ಆ ವಾರವೇ. ನಮ್ಮ ಅಂಗಡಿಯ ಎದುರು ಸಾಲಿನಲ್ಲಿ, ಟೀ ಅಂಗಡಿಯ ಪಕ್ಕ ಅವನದು ಮಿಕ್ಸಿ ರಿಪೇರಿ. ದಿನವೂ ಕಾಣುತ್ತಿದ್ದವನೇ. ಆದರೆ ನಮ್ಮ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ತಿಳಿನೀಲಿ ಅಂಗಿ, ಕಾಲರು ಸವೆದು ಬಿಳಿಚಿತ್ತು. ಗುಂಡಿಗಳು ಮಾತ್ರ ಎಲ್ಲವೂ ಅಂಗಿಯ ಜೊತೆ ಹುಟ್ಟಿದವು, ಒಂದೇ ಥರದವು. ಮೇಲಿನಿಂದ ಎರಡನೆಯದೊಂದು ಮಾತ್ರ ಇಲ್ಲ. ಅಷ್ಟು ಹಳೆಯ ಅಂಗಿಯಲ್ಲಿ ಅಷ್ಟು ಮೂಲಗುಂಡಿಗಳನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

"ಒಂದು ಗುಂಡಿ ಹಾಕ್ಕೊಡ್ತೀರಾ?" ಅಂದ. ಕಡ್ಡಿ ಕೊಟ್ಟೆ. ಕಚ್ಚಿಕೊಂಡು ಕೂತ.

ಅವನು ಸುಂದರಾಂಗನೇನಲ್ಲ. ಕಿವಿ ಸ್ವಲ್ಪ ಜಾಸ್ತಿಯೇ ದೊಡ್ಡವು. ಮೈಯಲ್ಲಿ ಸುಟ್ಟ ತಂತಿಯ ವಾಸನೆ, ಅದರ ಕೆಳಗೆ ಎಲ್ಲೋ ಯಾರದೋ ಮನೆಯ ಕೊತ್ತಂಬರಿ ಚಟ್ನಿಯ ವಾಸನೆ. ಹೊಲಿದು ಮುಗಿಸಿ, ಕತ್ತರಿ ಯಾವಾಗಲೂ ಅತ್ತೆಯ ಹತ್ತಿರ ಇರುವುದರಿಂದ, ಬಗ್ಗಿ ಹಲ್ಲಿನಿಂದ ದಾರ ಕಡಿದೆ. ಎಲ್ಲರದನ್ನೂ ಹಾಗೇ ಕಡಿಯುವುದು. ಮೂಗು ಅವನ ಅಂಗಿಗೆ ತಾಗಿತು. ಒಳಗೆ ಏನೋ ಮೋಟಾರು ಓಡಿದ ಹಾಗೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು.

ನನ್ನ ಕತ್ತಿನ ಹಿಂದೆ ಒಂದು ಇರುವೆ ಹೊರಟಿತು.

"ಬಿಂದೀ" ಎಂದು ಸುಕ್ಕಿ ಕಿವಿಯಲ್ಲಿ ಉಸುರಿದಳು. "ಜಡೆ ಜಗ್ತಾ ಇದೆ ಕಣೇ."

"ಬಾಯ್ಮುಚ್ಚೇ. ಬಿಗಿಯಾಗಿ ಹಿಡಿ."

ಅವಳು ಕಡ್ಲೇಕಾಯಿ ಪೊಟ್ಟಣ ಕೆಳಗಿಟ್ಟು ಎರಡೂ ಕೈಯಲ್ಲಿ ಹಿಡಿದಳು. ಅವತ್ತು ಉಳಿಯಿತು. ಆದರೆ ಸಂಜೆ ಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ನಿರಂಜನ ಏಳುವಾಗ ಕಡ್ಡಿಯನ್ನು ಬಾಯಿಂದ ತೆಗೆದು, ಎಸೆಯದೆ, ಅಂಗೈಯಲ್ಲಿ ಮಡಚಿ ಹಿಡಿದುಕೊಂಡು ಹೋದದ್ದು ನೆನಪಾಯಿತು. ಸರ್ರನೆ ಕೂದಲೆಲ್ಲ ಬೆನ್ನಿಗೆ ಬಂತು.

"ಏನೇ ಅದು?" ಎಂದು ಅಮ್ಮ.

"ರಬ್ಬರ್‌ಬ್ಯಾಂಡ್ ಹಳೇದಮ್ಮ."

ಅಮ್ಮ ಒಂದು ಹೊಸ ರಬ್ಬರ್‌ಬ್ಯಾಂಡ್ ತಂದು ನನ್ನ ಮುಂದಿಟ್ಟು, ನನ್ನ ಮುಖ ನೋಡಿದರು.

ಮರುದಿನ ನಿರಂಜನ ಮತ್ತೆ ಬಂದ, ಮೂರನೆಯ ಗುಂಡಿ ಇಲ್ಲ. ಅದರ ಮರುದಿನವೂ ಬಂದ. ಅವನ ನೀಲಿ ಅಂಗಿಯಲ್ಲಿ ಒಂದೊಂದಾಗಿ ನಾನು ಹಚ್ಚಿದ ಹಸಿರು, ಕಂದು, ಗುಲಾಬಿ ಗುಂಡಿಗಳು ತುಂಬುತ್ತ ಹೋದವು. ಒಂದು ಕಡೆ ನನಗೆ ಅವನು ಬಂದರೆ ಸಾಕು ಎನ್ನುವ ಹುಚ್ಚು. ಇನ್ನೊಂದು ಕಡೆ ಹೊಟ್ಟೆಕಿಚ್ಚು. ಇಷ್ಟು ವರ್ಷ ಒಂದೂ ಬೀಳದ ಗುಂಡಿಗಳು ಈಗ ದಿನಕ್ಕೊಂದು ಬೀಳುತ್ತಿವೆ ಎಂದರೆ ಯಾವಳೋ ಒಬ್ಬಳು ಸಿಕ್ಕಿದ್ದಾಳೆ. ಅವಳಿಗಾಗಿ ಬಿದ್ದ ಗುಂಡಿಯನ್ನು ನಾನು ಕೂತು ಹೊಲಿಯಬೇಕು! ನನ್ನ ಜಡೆ ಬಿಚ್ಚಿದರೆ ಹೋಗುವುದು ಅಂಗಡಿಯ ಮರ್ಯಾದೆ ಮಾತ್ರವಲ್ಲ. ಗುಂಡಿ ಬೇರೊಬ್ಬಳಿಗೆ ಬಿದ್ದವನ ಮುಂದೆ ಜಡೆ ಬಿಚ್ಚಿಕೊಂಡು ನಿಂತವಳನ್ನು ನಮ್ಮೂರು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತದೆ.

ಸುಕ್ಕಿಯನ್ನು ಪತ್ತೇದಾರಿಗೆ ಕಳಿಸಿದೆ. ಅವಳು ಟೀ ಅಂಗಡಿಯಲ್ಲಿ ಮೂರು ಟೀ ಕುಡಿದು ಬಂದಳು. ಬರುವಾಗ ಅವಳದೇ ಜಡೆ ಅರ್ಧ ಬಿಚ್ಚಿತ್ತು.

"ಅವನು ಯಾರನ್ನೂ ನೋಡಲ್ಲ ಕಣೇ! ಬ್ಯೂಟಿ ಪಾರ್ಲರಿನ ಅಕ್ಕ ಮಿಕ್ಸಿ ತಂದು ಅರ್ಧ ಗಂಟೆ ನಿಂತಿದ್ಲು. ಟೀ ಅಂಗಡೀಲಿ ಕೂತೋರ ಗುಂಡಿ ಎಲ್ಲಾ ಪಟಪಟ ಅಂತ ಉದುರಿ ಟೀ ಲೋಟಕ್ಕೇ ಬಿದ್ವು. ಈ ಮಹಾಶಯ ಜಾರೊಳಗೆ ತಲೆ ಹಾಕ್ಕೊಂಡು ಬ್ಲೇಡ್ ನೋಡ್ತಿದ್ದ."

"ನಿನ್ನ ಜಡೆ ಯಾಕೆ ಹಿಂಗಾಗಿದೆ?"

"ಟೀ ಸೋಸೋನು ಒಂದು ಮಾರು ಎತ್ತರದಿಂದ ಸೋಸ್ತಾನೆ ಕಣೇ" ಅಂದಳು, ಒಂಚೂರೂ ನಾಚಿಕೆಯಿಲ್ಲದೆ.

ಅವತ್ತು ಸಂಜೆ ನಿರಂಜನ ಬಂದಾಗ ಹಳೆಯ ದಾರದ ಉಳಿಕೆಯನ್ನು ಸೂಜಿಯಿಂದ ಎಳೆದು ತೆಗೆಯುತ್ತ ಅದನ್ನೇ ದಿಟ್ಟಿಸಿದೆ. ತಾನಾಗಿ ಬಿದ್ದ ಗುಂಡಿಯ ದಾರ ಹತ್ತಿಯ ಬತ್ತಿಯ ಹಾಗೆ ತುದಿಯಲ್ಲಿ ಬಿರಿದಿರುತ್ತದೆ. ಇದು ನೆಟ್ಟಗೆ, ಚೊಕ್ಕವಾಗಿ, ಬ್ಲೇಡಿನಲ್ಲಿ ಕೊಯ್ದ ಹಾಗಿತ್ತು. ಕೊಯ್ದದ್ದೇ.

ಮೈಯೆಲ್ಲ ಉರಿದುಹೋಯಿತು. ನಮ್ಮ ಕಾಲೇಜಿನಲ್ಲಿ ಮೀಸೆ ಮೂಡದ ಹುಡುಗರು ತಾವೇ ಗುಂಡಿ ಕೊಯ್ದುಕೊಂಡು ಎದೆ ತೆರೆದು ಓಡಾಡುತ್ತಾರೆ, ತಮಗೂ ಆಗುತ್ತದೆ ಎಂದು ತೋರಿಸಲು. ಕತ್ತರಿ ಗಂಡಸರು ಎಂದು ನಾವು ನಗುತ್ತೇವೆ. ಇವನೂ ಅದೇ ಜಾತಿಯೇ! ಅತ್ತೆಯ ಪೆಟ್ಟಿಗೆಯಿಂದ ಮೀನಿನ ಗಾಳದ ನೈಲಾನ್ ದಾರ ತೆಗೆದು, ಆನೆ ಎಳೆದರೂ ಬರದ ಹಾಗೆ ಸುತ್ತಿ ಸುತ್ತಿ ಹೊಲಿದೆ. ಈಗ ಕೊಯ್ಯಪ್ಪಾ ನೋಡೋಣ ಎಂದುಕೊಂಡೆ.

ಮರುದಿನ ಭಾನುವಾರ. ಹೈಸ್ಕೂಲಿನಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿದ್ದರು. ಐವತ್ತು ದಾಟಿದ ಗಂಡಸರು, ಒಂದು ಕಾಲದ ಸಹಪಾಠಿಗಳನ್ನು ಮತ್ತೆ ನೋಡಿ, ಅಂಗಿಯಲ್ಲಿ ಒಂದೆರಡು ಗುಂಡಿ ಮಾತ್ರ ಉಳಿಸಿಕೊಂಡು, ಹೊಟ್ಟೆಯ ಮೇಲೆ ಕೈ ಮಡಚಿಕೊಂಡು ನಮ್ಮ ಅಂಗಡಿಯ ಮುಂದೆ ಸಾಲು ನಿಂತಿದ್ದರು. ಮರಿಯಪ್ಪನವರು ಯಾವ ವಿದ್ಯಾರ್ಥಿಯೂ ಅಲ್ಲ, ಆದರೂ ಸಾಲಿನಲ್ಲಿದ್ದರು, ಹಿಂದೆ ಛತ್ರಿಯ ಜೊತೆ ಕೆಂಪಮ್ಮ. ಆ ಗದ್ದಲದ ಮಧ್ಯೆ ನಿರಂಜನ ಬಂದು ಸ್ಟೂಲಿನ ಮೇಲೆ ಕೂತ. ನಿನ್ನೆಯ ಗುಂಡಿ ಇರಲಿಲ್ಲ. ಗುಂಡಿಯಿದ್ದ ಜಾಗದಲ್ಲಿ ಬಟ್ಟೆಯೂ ಇರಲಿಲ್ಲ. ದಾರ ಕೊಯ್ಯಲಾಗದೆ ಅಂಗಿಯನ್ನೇ ದುಂಡಗೆ ಕತ್ತರಿಸಿಕೊಂಡು ಬಂದಿದ್ದ. ತಾನೇ ಕೈಚಾಚಿ ಕಡ್ಡಿ ತೆಗೆದುಕೊಂಡು ಕಚ್ಚಿಕೊಂಡ.

"ಕಡ್ಡಿ ತೆಗೀರಿ" ಅಂದೆ.

ತೆಗೆದ.

"ನಾನು ಹೊಲಿಯಲ್ಲ. ಯಾರ ಮುಂದೆ ಶೋಕಿ ಮಾಡಕ್ಕೆ ದಿನಾ ಕೊಯ್ಕೊಳ್ತೀರಿ, ಅದನ್ನ ಹೇಳಿ ಮೊದಲು."

ಸಾಲಿನಲ್ಲಿ ಒಬ್ಬರು "ಓಹೋಹೋ, ಕತ್ತರಿ ಗಿರಾಕಿ!" ಅಂದರು. ಎಲ್ಲರೂ ನಕ್ಕರು. ನಿರಂಜನನ ದೊಡ್ಡ ಕಿವಿಗಳು ಕೆಂಪಾದವು.

"ಶೋಕಿ ಅಲ್ಲ ರೀ. ನನ್ನ ಗುಂಡಿ ಬೀಳಲ್ಲ."

"ಬೀಳಲ್ಲ ಅಂದ್ರೆ?"

"ಬೀಳಲ್ಲ ಅಂದ್ರೆ ಬೀಳಲ್ಲ. ಇವತ್ತಿನವರೆಗೂ ಒಂದೂ ಬಿದ್ದಿಲ್ಲ."

ನಗು ಜೋರಾಯಿತು. "ಡಾಕ್ಟರಿಗೆ ತೋರ್ಸಪ್ಪಾ" ಎಂದು ಒಬ್ಬರು. "ಮೆಂತ್ಯ ನೆನೆಹಾಕಿದ ನೀರು ಕುಡಿ, ಬೆಳಿಗ್ಗೆ ಬರೀ ಹೊಟ್ಟೇಲಿ" ಎಂದು ಇನ್ನೊಬ್ಬರು.

"ತೋರಿಸಿದೀನಿ, ಕುಡಿದೂ ಇದೀನಿ" ಎಂದ ನಿರಂಜನ. "ಅಮ್ಮ ಹರಕೆನೂ ಹೊತ್ತಿದಾರೆ."

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಬಾಯಿ ನಿಲ್ಲಲಿಲ್ಲ. "ಯಾರನ್ನ ನೋಡಿದ್ರೂ?" ಅಂದೆ.

"ಯಾರನ್ನ ನೋಡಿದ್ರೂ."

"ನನ್ನ?"

ಇಂಥ ಪ್ರಶ್ನೆಯನ್ನು ನಮ್ಮೂರಲ್ಲಿ ಯಾರೂ ಯಾರನ್ನೂ ಕೇಳಿದವರಿಲ್ಲ. ಗುಂಡಿ ಇರುವಾಗ, ಜಡೆ ಇರುವಾಗ, ಬಾಯಿಗೆ ಆ ಕೆಲಸ ಕೊಟ್ಟವರೇ ಇಲ್ಲ.

"ನಿಮ್ಮನ್ನ ನೋಡಿದ್ರೂ ಬೀಳಲಿಲ್ಲ" ಅಂದ ನಿರಂಜನ. "ಅದಕ್ಕೇ ಕೊಯ್ಕೊಂಡೆ."

"ಅದಕ್ಕೇ ಅಂದ್ರೆ?"

"ಗುಂಡಿ ಬೀಳ್ದೆ ಇಲ್ಲಿಗೆ ಬರೋದು ಹೆಂಗೆ ಹೇಳಿ? ಎದುರಿಗೆ ಕೂತ್ಕೊಂಡು ದಿನಾ ನೋಡ್ತಿದ್ದೆ, ಬೀಳುತ್ತೆ ಬೀಳುತ್ತೆ ಅಂತ. ಬಿದ್ದೋರೆಲ್ಲ ಬಂದು ನಿಮ್ಮ ಮುಂದೆ ಕೂತು ಹೋಗೋರು. ನಂದು ಮಾತ್ರ ಕಲ್ಲು. ಕಾದು ಕಾದು ಒಂದು ದಿನ ಬ್ಲೇಡ್ ತಗೊಂಡೆ." ಅವನು ಕಡ್ಡಿಯನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದ. "ಎದೆ ಮೇಲಿಂದ ಏನೂ ಬೀಳಲ್ಲ ನಿಜ. ಆದ್ರೆ ನೀವು ದಾರ ಕಡಿಯಕ್ಕೆ ಬಗ್ಗಿದಾಗ ನಿಮ್ಮ ಉಸಿರು ಆ ತೂತಿನಿಂದ ಒಳಗೆ ಬರುತ್ತೆ. ಆಮೇಲೆ ಅಂಗಡಿಗೆ ಹೋಗಿ ಕೂತ್ರೆ ಕೈ ನನ್ನ ಮಾತು ಕೇಳಲ್ಲ. ಯಾವ ವೈರು ಎಲ್ಲಿಗೆ ಅಂತ ಗೊತ್ತಾಗಲ್ಲ. ಮೊನ್ನೆಯಿಂದ ಬಂದ ಮಿಕ್ಸಿ ಎಲ್ಲಾ ಉಲ್ಟಾ ಜೋಡಿಸಿ ಕೊಟ್ಟಿದೀನಿ."

"ಅಯ್ಯೋ ನಿನ್ನ ಮನೆ ಕಾಯ!" ಎಂದು ಕೆಂಪಮ್ಮ ಛತ್ರಿ ಕುಟ್ಟಿದರು. "ನಮ್ಮನೆ ಚಟ್ನಿ ಸೂರಿಗೆ ಹಾರಿದ್ದು ಅದಕ್ಕೇನಾ? ಇನ್ನೂ ಒರೆಸ್ತಾ ಇದೀನಿ!"

ಒಳಗಿನಿಂದ ಮಂಗಳತ್ತೆ ಬಂದರು. "ನಮ್ಮದು ಆಫ್ ಮಾಡಿದ್ರೆ ಓಡುತ್ತೆ ಕಣಪ್ಪಾ! ಆನ್ ಮಾಡಿದ್ರೆ ನಿಲ್ಲುತ್ತೆ! ನಾನು ದೆವ್ವ ಅಂದ್ಕೊಂಡು ನಿಂಬೆಹಣ್ಣು ಕೊಯ್ದಿದೀನಿ ಅದರ ಮುಂದೆ!"

ನಾನು ನಗಬೇಕೆಂದುಕೊಂಡೆ. ನಗು ಬರಲಿಲ್ಲ. ಕತ್ತಿನ ಹಿಂದೆ ಒಂದು ಇರುವೆಯಲ್ಲ, ಇಡೀ ಹುತ್ತವೇ ಎದ್ದು ನಡೆಯುತ್ತಿತ್ತು.

"ಬಿಂದೀ, ನನ್ ಕೈಲಿ ಆಗ್ತಿಲ್ಲ ಕಣೇ!" ಎಂದು ಸುಕ್ಕಿ. ಅವಳು ಒಂದು ಕಾಲನ್ನು ಗೋಡೆಗೆ ಕೊಟ್ಟು, ಬಾವಿಯ ಹಗ್ಗ ಎಳೆಯುವ ಹಾಗೆ ನನ್ನ ಜಡೆಯನ್ನು ಹಿಡಿದು ಜೋತುಬಿದ್ದಿದ್ದಳು. ರಬ್ಬರ್‌ಬ್ಯಾಂಡು ಅತ್ತೆಯ ಕಿವಿಯ ಪಕ್ಕ ಸುಂಯ್ ಎಂದು ಹಾರಿಹೋಯಿತು.

"ಹಿಡಿಯೇ! ಹಿಡಿಯೇ ಅದನ್ನ!" ಎಂದು ಅತ್ತೆ ಕೂಗಿದರು. "ಅಂಗಡಿ ಹೋಗುತ್ತೆ ಬಿಂದೂ! ಗುಂಡಿ ಬೀಳದೋನ ಮುಂದೆ ಬಿಚ್ಚಿದ್ರೆ ಊರು ಏನನ್ನುತ್ತೆ!"

ನಾನು ನಿರಂಜನನ ಎದೆ ನೋಡಿದೆ. ಉಳಿದ ಗುಂಡಿಗಳು ಒಂದೂ ಅಲುಗದೆ ಕೂತಿದ್ದವು, ಕಲ್ಲಿನ ಹಾಗೆ. ಇನ್ನು ಬೀಳುವುದೂ ಇಲ್ಲ. ಅವನ ಕೈ ನೋಡಿದೆ. ಕಡ್ಡಿ ಹಿಡಿದ ಬೆರಳುಗಳು ಮಿಕ್ಸಿಯ ಮೇಲಿಟ್ಟ ಚಮಚದ ಹಾಗೆ ನಡುಗುತ್ತಿದ್ದವು.

"ಬಿಡೇ ಸುಕ್ಕಿ" ಅಂದೆ.

"ಏನು?"

"ಬಿಡು ಅಂದೆ."

ಬಿಟ್ಟಳು. ಇಪ್ಪತ್ಮೂರು ವರ್ಷ ಊರಿನ ಮುಂದೆ ಬಿಗಿದೇ ಇದ್ದ ಕೂದಲು ಒಂದೇ ಉಸಿರಿಗೆ ಬಿಚ್ಚಿ ಸೊಂಟದ ಕೆಳಗೆ ಇಳಿಯಿತು. ಎಷ್ಟು ಹಗುರವಾಯಿತೆಂದರೆ ಒಂದು ಹೆಜ್ಜೆ ಮುಂದೆ ಮುಗ್ಗರಿಸಿದೆ. ಸಾಲಿನಲ್ಲಿದ್ದ ಗಂಡಸರ ಅಳಿದುಳಿದ ಗುಂಡಿಗಳೆಲ್ಲ ಆಲಿಕಲ್ಲು ಬಿದ್ದ ಹಾಗೆ ಪಟಪಟ ಉದುರಿದವು. ಒಬ್ಬ ಹಳೆಯ ವಿದ್ಯಾರ್ಥಿ ಕೆಮ್ಮಿ, "ಅಲ್ಲ ಮಂಗಳಮ್ಮಾ, ಇನ್ಮೇಲೆ ನಾವು ಮರ್ಯಾದಸ್ಥರು ಧೈರ್ಯವಾಗಿ ಇಲ್ಲಿಗೆ ಬರೋದು ಹೆಂಗೆ?" ಅಂದರು, ಎರಡೂ ಕೈಯಲ್ಲಿ ಅಂಗಿ ಮುಚ್ಚಿಕೊಂಡು.

ಅತ್ತೆ ನನ್ನ ಕಡೆ ನೋಡಿದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆಮೇಲೆ ಅವರು ಆ ಮನುಷ್ಯನ ಕಡೆ ತಿರುಗಿದರು, ಅವನ ಕಾಲಕೆಳಗೆ ಬಿದ್ದಿದ್ದ ಗುಂಡಿಗಳ ಕಡೆ ನೋಡಿದರು.

"ಏನ್ರೀ ಮರ್ಯಾದೆ?" ಅಂದರು. "ನನ್ನ ತಲೆ ಕೂದಲು ಬೆಳ್ಳಗಾಗೋವರೆಗೂ ಬೀದಿ ಬೀದೀಲಿ ಬಿದ್ದ ನಿಮ್ಮ ಗುಂಡಿ ಹೆಕ್ಕಿ ಹೆಕ್ಕಿ ಹೊಲಿದಿಲ್ವಾ? ಯಾರು ಅಂತ ಒಂದು ದಿನ ಕೇಳಿದೀನಾ? ಒಂದು ಹುಡುಗಿ ಜಡೆ ಬಿಚ್ಚಿದ್ದಕ್ಕೆ ನಿಮಗೆ ಧೈರ್ಯ ಹೋಯ್ತಾ? ತಿರುಗಿ ಆ ಕಡೆ. ಎಲ್ಲಾರೂ! ಗೋಡೆ ಕಡೆ!"

ಸಾಲಿಗೆ ಸಾಲೇ ಗೋಡೆ ಕಡೆ ತಿರುಗಿತು. ಮರಿಯಪ್ಪನವರು ಒಂದು ಕಣ್ಣು ಈ ಕಡೆ ಇಟ್ಟಿದ್ದರು, ಕೆಂಪಮ್ಮ ಛತ್ರಿಯ ತುದಿಯಿಂದ ಅವರ ಗಲ್ಲವನ್ನು ಆ ಕಡೆ ತಿರುಗಿಸಿದರು. ಅತ್ತೆ ಸೂಜಿಗೆ ದಾರ ಪೋಣಿಸಿಕೊಂಡು, ಗೋಡೆಗೂ ಗಂಡಸರಿಗೂ ನಡುವೆ ನುಗ್ಗಿ, ಸಾಲಿನ ಕೊನೆಯಿಂದ ಹೊಲಿಯಲು ಶುರು ಮಾಡಿದರು. ಬೀಗದ ಮಾತು ಎತ್ತಲಿಲ್ಲ. "ನೀನು ಮೊದಲು ಆ ಕೂದಲು ಕಟ್ಟೇ" ಎಂದಷ್ಟೇ ನನಗೆ ಗದರಿದರು.

ಕಟ್ಟೋಣವೆಂದರೆ ಕೈ ಮೇಲೇಳಲಿಲ್ಲ. ಸುಕ್ಕಿಯನ್ನು ಕರೆದೆ. ಅವಳು ಆಗಲೇ ಬಾಗಿಲಲ್ಲಿ ನಿಂತು, ಎದುರು ಟೀ ಸೋಸುವವನನ್ನು ನೋಡುತ್ತ, ತನ್ನ ಕೂದಲನ್ನೂ ಬೆನ್ನ ತುಂಬ ಹರಡಿಕೊಂಡು, ಇವತ್ತು ರಜಾ ಎನ್ನುವ ಹಾಗಿದ್ದಳು.

"ನಾನು ಹೆಣೀಲಾ?" ಎಂದ ನಿರಂಜನ.

ನಮ್ಮೂರಿನಲ್ಲಿ ಗಂಡಸು ಹೆಣ್ಣಿನ ಜಡೆ ಮುಟ್ಟಿದ್ದು ನಾನು ಕೇಳಿಲ್ಲ. ಗೋಡೆ ಕಡೆ ತಿರುಗಿದ ಕತ್ತುಗಳೆಲ್ಲ ಒಮ್ಮೆ ಅಲ್ಲಾಡಿದವು.

"ಬರುತ್ತಾ?" ಅಂದೆ.

"ವೈರು ಹೆಣಿಯಕ್ಕೆ ಬರುತ್ತೆ."

ನಾನು ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತೆ. ಅವನ ಬೆರಳು ಕತ್ತಿಗೆ ತಾಗಿದಾಗ ಹುತ್ತದ ಇರುವೆಗಳೆಲ್ಲ ಒಂದು ಕ್ಷಣ ನಿಂತವು, ಆಮೇಲೆ ಮೊದಲಿನ ಎರಡು ಪಟ್ಟು ಹೊರಟವು. ಕೂದಲನ್ನು ಮೂರು ಪಾಲು ಮಾಡಿದ. "ಕೆಂಪು, ಹಸಿರು, ಕಪ್ಪು" ಎಂದು ಗೊಣಗಿಕೊಂಡ. "ಇಲ್ಲಿ ಎಲ್ಲಾ ಕಪ್ಪೇ ಇದೆಯಲ್ರೀ, ಯಾವುದರ ಮೇಲೆ ಯಾವುದು?"

"ಯಾವುದಾದ್ರೂ ಸರಿ."

ಹೆಣೆಯುತ್ತ ಹೋದ. ಕಿವಿಯ ಹತ್ತಿರ ಬಂದಾಗ ಬೆರಳು ನಿಧಾನವಾಗುತ್ತಿತ್ತು. ಅವನು ಕೆಳಗೆ ತುದಿಗೆ ತಲುಪುವಷ್ಟರಲ್ಲಿ ಮೇಲಿನದು ಸಡಿಲವಾಗಿ ಬಿಚ್ಚಿಹೋಗಿತ್ತು. ಮತ್ತೆ ಮೇಲಿಂದ ಹಿಡಿದ. ಮತ್ತೆ ಬಿಚ್ಚಿತು. ಮೂರನೆಯ ಸಲ ನಾಲಿಗೆ ಕಚ್ಚಿಕೊಂಡು ಬಿಗಿಯಾಗಿ ಹೆಣೆದ, ಕೈ ತೆಗೆಯುವ ಮೊದಲೇ ಎಲ್ಲವೂ ಜಾರಿ ಅವನ ಮುಂಗೈ ತುಂಬ ಹರಡಿಕೊಂಡಿತು.

"ಇದು ನಿಲ್ಲಲ್ಲ ಬಿಂದೂ ಅವರೇ" ಎಂದ, ಸೋತ ದನಿಯಲ್ಲಿ.

"ನಿಲ್ಲಬೇಕು ಅಂತ ನಿಂಗ್ಯಾರೋ ಹೇಳಿದ್ದು?" ಅಂದೆ. "ನೀನು ಹೆಣಿ."